ಟಾಯ್ ಹಾಲರ್ ಕೊಳ್ಳುವ ಮುನ್ನ: ಗಾಡಿ, ಗ್ಯಾರೇಜು, ತೂಕ, ಟ್ರಕ್ಕು

"ಯಾವ ಟಾಯ್ ಹಾಲರ್ ತಗೊಳ್ಳೋದು?" ಕ್ಯಾಲಿಫೋರ್ನಿಯಾ, ಅರಿಜೋನಾ ಕಡೆ ಇರುವ ಸ್ನೇಹಿತರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಮಕ್ಕಳು ಡರ್ಟ್ ಬೈಕ್ ಕಲಿತಿರುತ್ತಾರೆ, ಇಲ್ಲವೇ ಮನೆಗೆ ಒಂದು ಸೈಡ್ ಬೈ ಸೈಡ್ (ಅಕ್ಕಪಕ್ಕ ಕೂತು ಮರಳು, ಕಾಡು ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಬಂದಿರುತ್ತದೆ. ಅದನ್ನು ಮರಳು ದಿಬ್ಬಕ್ಕೆ ಒಯ್ಯಬೇಕು, ಅಲ್ಲೇ ಅಡುಗೆ ಆಗಬೇಕು, ಅಲ್ಲೇ ಮಲಗಬೇಕು. ಇದಕ್ಕೆಲ್ಲ ಒಂದೇ ಕಡೆ ಜಾಗ ಮಾಡಿಕೊಡುವುದು ಟಾಯ್ ಹಾಲರ್, ಸಾಮಾನ್ಯವಾಗಿ ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವ ಟ್ರೇಲರ್. ಮುಂದೆ ಮನೆ, ಹಿಂದೆ ಗ್ಯಾರೇಜು. ಹಿಂಬದಿಯ ಗೋಡೆಯೇ ಕೆಳಗಿಳಿದು ರ‍್ಯಾಂಪ್ ಆಗುತ್ತದೆ. ಗಾಡಿ ಇಳಿಸಿದ ಮೇಲೆ ಗ್ಯಾರೇಜು ಊಟದ ಮನೆ, ರಾತ್ರಿಗೆ ಮಲಗುವ ಕೋಣೆ.

ಶೋರೂಮಿನಲ್ಲಿ ಮೊದಲು ತೋರಿಸುವುದು ಸೋಫಾ, ದೊಡ್ಡ ಟಿವಿ, ಅಡುಗೆಮನೆಯ ಕಟ್ಟೆ. ನೋಡಿದ ಕೂಡಲೇ ಮನಸ್ಸು ಒಪ್ಪಿಬಿಡುತ್ತದೆ. ಆಮೇಲೆ ಗಾಡಿ ಒಳಗೆ ಹಿಡಿಯುವುದಿಲ್ಲ, ಅಥವಾ ಹಿಡಿದರೂ ಟ್ರಕ್ಕು ಎಳೆಯುವುದಿಲ್ಲ. ಅದಕ್ಕೇ ನಾನು ಹೇಳುವ ಕ್ರಮ ತಿರುಗುಮುರುಗು. ಮೊದಲು ಓಡಿಸುವ ಗಾಡಿ, ಆಮೇಲೆ ಗ್ಯಾರೇಜು, ಆಮೇಲೆ ತೂಕ, ಆಮೇಲೆ ಟ್ರಕ್ಕು. ಸೋಫಾ ಕೊನೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಈ ಲೆಕ್ಕವೆಲ್ಲ ಪೌಂಡು, ಅಡಿ, ಗ್ಯಾಲನ್‌ನಲ್ಲೇ ನಡೆಯುತ್ತದೆ. ಲೇಬಲ್‌ಗಳ ಮೇಲೂ ಅದೇ ಮುಖ್ಯ. ಹಾಗಾಗಿ ಇಲ್ಲೂ ಅದನ್ನೇ ಬಳಸಿದ್ದೇನೆ. 1,000 ಪೌಂಡ್ ಅಂದರೆ ಸುಮಾರು 454 ಕಿಲೋ, ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್.

ಹಂತ 1: ಏನನ್ನು ಒಯ್ಯುತ್ತೀರಿ, ಎಲ್ಲಿಗೆ ಒಯ್ಯುತ್ತೀರಿ

ದೊಡ್ಡವರ ಡರ್ಟ್ ಬೈಕ್ ಒಂದು ಸುಮಾರು 250 ಪೌಂಡ್ ತೂಗುತ್ತದೆ. ನಾಲ್ಕು ಚಕ್ರದ ಎಟಿವಿ 400ರಿಂದ 800 ಪೌಂಡ್. ಸೈಡ್ ಬೈ ಸೈಡ್‌ಗೆ ಬಂದರೆ ಲೆಕ್ಕವೇ ಬೇರೆ. ಪೊಲಾರಿಸ್ ಆರ್‌ಝಡ್‌ಆರ್ ಎಕ್ಸ್‌ಪಿ 1000 ಗಾಡಿಯ ಅಗಲ 64 ಇಂಚು. ಅದೇ ಕಂಪನಿಯ ಪ್ರೊ ಆರ್ 74 ಇಂಚು. ಕ್ಯಾನ್-ಆಮ್ ಮ್ಯಾವೆರಿಕ್ ಎಕ್ಸ್3 ಗಾಡಿಯಲ್ಲಿ 64 ಮತ್ತು 72 ಇಂಚು ಎರಡೂ ಇವೆ. ಇಬ್ಬರು ಕೂರುವ ಗಾಡಿ 10 ಅಡಿ ಆಸುಪಾಸು ಉದ್ದ. ನಾಲ್ವರು ಕೂರುವುದಾದರೆ 12ರಿಂದ 14 ಅಡಿ. ತೂಕ 1,500ರಿಂದ ಶುರುವಾಗಿ, ದೊಡ್ಡ ನಾಲ್ಕು ಸೀಟಿನ ಗಾಡಿಗೆ ಚಾವಣಿ, ಸ್ಟೀರಿಯೊ, ಸ್ಪೇರ್ ಟೈರ್, ಪೆಟ್ರೋಲ್ ಎಲ್ಲ ಸೇರಿಸಿದರೆ 2,500 ದಾಟುತ್ತದೆ.

ಬ್ರೋಷರ್‌ನಲ್ಲಿ ಇರುವುದು ಒಣ ತೂಕ. ಪೆಟ್ರೋಲ್, ಎಣ್ಣೆ, ಕೂಲಂಟ್ ಯಾವುದೂ ಇಲ್ಲದ ತೂಕ ಅದು. ನಿಮ್ಮ ಗಾಡಿಯ ನಿಜವಾದ ತೂಕ ಇದಕ್ಕಿಂತ ಜಾಸ್ತಿ ಎಂದೇ ಇಟ್ಟುಕೊಳ್ಳಿ.

ಈಗ ಜಾಗ. ಇದನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ, ಆದರೆ ಟ್ರೇಲರ್ ಎಂಥದ್ದು ಬೇಕು ಎಂದು ನಿರ್ಧರಿಸುವುದು ಜಾಗವೇ.

ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿರುವ ಇಂಪೀರಿಯಲ್ ಸ್ಯಾಂಡ್ ಡ್ಯೂನ್ಸ್ ತೆಗೆದುಕೊಳ್ಳಿ. ಎಲ್ಲರೂ ಗ್ಲಾಮಿಸ್ ಎನ್ನುವುದು ಇದನ್ನೇ. 40 ಮೈಲಿಗೂ ಹೆಚ್ಚು ಉದ್ದಕ್ಕೆ ಹಬ್ಬಿದ ಮರಳು ದಿಬ್ಬಗಳು. ಅಲ್ಲಿ ನಿಮ್ಮ ಟ್ರೇಲರ್‌ಗೆ ನಲ್ಲಿ ಸಂಪರ್ಕ ಇಲ್ಲ, ಕರೆಂಟಿಲ್ಲ. ತಂದಿದ್ದೇ ಉಂಟು. ಹಾಗಾಗಿ ದೊಡ್ಡ ನೀರಿನ ಟ್ಯಾಂಕು, ಜನರೇಟರು, ಪೆಟ್ರೋಲ್ ಟ್ಯಾಂಕು ಇರುವ ಟ್ರೇಲರ್ ಬೇಕು. ಜಾಗ ಮಾತ್ರ ಧಾರಾಳ, 40 ಅಡಿ ಉದ್ದದ್ದನ್ನೂ ನಿಲ್ಲಿಸಬಹುದು.

ಓಶಿಯಾನೊ ಡ್ಯೂನ್ಸ್ ಬೇರೆ ಥರ. ಅದು ಪಿಸ್ಮೊ ಬೀಚ್ ಪಕ್ಕದಲ್ಲಿದೆ. ಅಲ್ಲಿ ಸಮುದ್ರ ತೀರದ ಮರಳಿನ ಮೇಲೆಯೇ ಟ್ರೇಲರ್ ಎಳೆದುಕೊಂಡು ಹೋಗಬೇಕು. ಭಾರಿ ಟ್ರೇಲರ್ ಅಲ್ಲಿ ಹೂತುಕೊಂಡರೆ ದಿನವೇ ಹಾಳು. ಯೂಟಾದ ಮೋಆಬ್‌ನಲ್ಲಿ ಬಂಡೆಯ ದಾರಿಗಳ ಹತ್ತಿರದ ಕ್ಯಾಂಪ್ ಜಾಗಗಳು ಬಹಳಷ್ಟು ಕಡೆ ಚಿಕ್ಕವು, ತಿರುಗಿಸಲು ಜಾಗ ಸಾಲದು. ಪೂರ್ವದ ಕಡೆ, ವೆಸ್ಟ್ ವರ್ಜೀನಿಯಾದಲ್ಲಿ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್ ಇದೆ. 2000ದಲ್ಲಿ ತೆರೆದ ಈ ಜಾಲ ಈಗ 1,000 ಮೈಲಿಗೂ ಹೆಚ್ಚು. ಅಲ್ಲಿ ದಾರಿಗಳು ಚಿಕ್ಕ ಚಿಕ್ಕ ಊರುಗಳಿಗೆ ಬಂದು ಸೇರುತ್ತವೆ. ಊರ ಪಕ್ಕದ ಕ್ಯಾಂಪ್‌ಗ್ರೌಂಡಿನಲ್ಲಿ ನೀರು, ಕರೆಂಟು ಸಿಗುತ್ತದೆ. ಅಲ್ಲಿಗೆ ಹೋಗುವವರು 150 ಗ್ಯಾಲನ್ ನೀರಿನ ಟ್ಯಾಂಕಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಇನ್ನೊಂದು ವಿಷಯ. ನ್ಯಾಷನಲ್ ಫಾರೆಸ್ಟ್‌ಗಳ ಎಷ್ಟೋ ದಾರಿಗಳು 50 ಇಂಚಿಗಿಂತ ಅಗಲದ ಗಾಡಿಗೆ ಬಿಡುವುದಿಲ್ಲ. ನಿಮ್ಮ ಆಸೆ ಕಾಡು ದಾರಿಯಾದರೆ 72 ಇಂಚಿನ ಗಾಡಿಯೂ ಬೇಡ, ಅದಕ್ಕೆ ತಕ್ಕ ದೊಡ್ಡ ಗ್ಯಾರೇಜೂ ಬೇಡ. ಮಕ್ಕಳು ಬೆಳೆದ ಮೇಲೆ ಎರಡು ಸೀಟಿನದು ನಾಲ್ಕು ಸೀಟಿಗೆ ಬದಲಾಗುತ್ತದೆಯಾ ಎಂಬುದನ್ನೂ ಈಗಲೇ ಮನೆಯಲ್ಲಿ ಕೂತು ಮಾತಾಡಿ. ಟ್ರೇಲರ್‌ಗೆ ಸಾಲ ಮಾಡಿದರೆ ಅದು 10ರಿಂದ 20 ವರ್ಷ ನಡೆಯುತ್ತದೆ. ಗಾಡಿ ಅಷ್ಟು ವರ್ಷ ಹಾಗೇ ಇರುವುದಿಲ್ಲ.

ಹಂತ 2: ಟೇಪ್ ಹಿಡಿದು ಗ್ಯಾರೇಜು ಅಳೆಯಿರಿ

"13 ಅಡಿ ಗ್ಯಾರೇಜು" ಎಂದು ಬರೆದಿದ್ದರೆ ನಂಬಬೇಡಿ. ಆ ಅಳತೆ ಎಲ್ಲಿಂದ ಎಲ್ಲಿಗೆ ಎಂದು ಕೇಳಿ. ಕೆಲವು ನಕ್ಷೆಗಳಲ್ಲಿ ಅಡುಗೆಮನೆಯ ಕಟ್ಟೆ ಪಕ್ಕದ ಓಡಾಡುವ ಜಾಗವೂ ಅದರಲ್ಲಿ ಸೇರಿರುತ್ತದೆ. ಅಲ್ಲಿ ಬೈಕಿನ ಮುಂದಿನ ಚಕ್ರ ತೂರಬಹುದು, 72 ಇಂಚಿನ ಸೈಡ್ ಬೈ ಸೈಡ್ ತೂರುವುದಿಲ್ಲ.

ಅಳೆಯಬೇಕಾದ್ದು ಇಷ್ಟು. ರ‍್ಯಾಂಪ್ ಬಾಗಿಲಿನ ಚೌಕಟ್ಟಿನ ಅಗಲ, ಯಾಕೆಂದರೆ ಅದು ಗ್ಯಾರೇಜಿಗಿಂತ ಕಿರಿದು. ಚೌಕಟ್ಟಿನ ಎತ್ತರ. ಮೇಲಕ್ಕೆ ಏರುವ ಎಲೆಕ್ಟ್ರಿಕ್ ಹಾಸಿಗೆಗಳಿದ್ದರೆ, ಅವು ಪೂರ್ತಿ ಏರಿದಾಗ ಕೆಳಗೆ ಉಳಿಯುವ ಎತ್ತರ. ಹಾಸಿಗೆ ಏರಿಳಿಯುವ ಕಂಬಿಗಳ ನಡುವಿನ ಅಗಲ. ಮಡಚಿದ ಸೋಫಾಗಳು ಎರಡು ಗೋಡೆಯಿಂದಲೂ ಎಷ್ಟು ಮುಂದೆ ಚಾಚಿರುತ್ತವೆ ಎಂಬುದು. ಸೋಫಾ ಮಡಚಿದ ಮೇಲೂ ಕೆಲವು ಇಂಚು ತಿನ್ನುತ್ತದೆ, ಆ ಇಂಚುಗಳಲ್ಲೇ ಗಾಡಿ ಸಿಕ್ಕಿಹಾಕಿಕೊಳ್ಳುವುದು. ಗಾಡಿಯ ಚಾವಣಿ ಮೇಲೆ ಲೈಟ್ ಬಾರ್ ಇದ್ದರೆ ಅದನ್ನೂ ಸೇರಿಸಿ ಅಳೆಯಿರಿ.

ಗಾಡಿ ಒಳಗೆ ನಿಂತ ಮೇಲೆ ಅದರಿಂದ ನೀವು ಇಳಿಯುವುದು ಹೇಗೆ ಎಂದೂ ನೋಡಿ. ಬಾಗಿಲು ತೆರೆಯಲು ಒಂದೂವರೆ ಅಡಿಯಾದರೂ ಬೇಕು. ನಾಲ್ಕು ಮೂಲೆಗೂ ಬಗ್ಗಿ ಪಟ್ಟಿ ಬಿಗಿಯಲು ಕೈ ಹೋಗಬೇಕು. ದಾರಿಯಲ್ಲಿ ಫ್ರಿಜ್‌ನಿಂದ ಮಗುವಿನ ಹಾಲು ತೆಗೆಯಬೇಕಾದರೆ ಪಕ್ಕದ ಬಾಗಿಲಿನಿಂದ ಅಲ್ಲಿಗೆ ಹೋಗಲು ಆಗುತ್ತದಾ? ಚಿಕ್ಕ ಪ್ರಶ್ನೆ ಅನಿಸಬಹುದು, ಆರು ಗಂಟೆ ಪ್ರಯಾಣದಲ್ಲಿ ಅದು ಚಿಕ್ಕದಲ್ಲ.

ರ‍್ಯಾಂಪ್ ಎಷ್ಟು ಭಾರ ತಾಳುತ್ತದೆ ಎಂಬುದು ಬರೆದಿರಬೇಕು. ಸಾಮಾನ್ಯವಾಗಿ 2,000ದಿಂದ 3,000 ಪೌಂಡ್. ಗಾಡಿ ಹತ್ತುವಾಗ ಅದರಲ್ಲಿ ಕೂತ ನಿಮ್ಮ ತೂಕವೂ ಸೇರುತ್ತದೆ. ಅದೇ ಬಾಗಿಲನ್ನು ಕೇಬಲ್ ಕಟ್ಟಿ ಮಟ್ಟಸವಾಗಿ ನಿಲ್ಲಿಸಿ ಜಗಲಿ ಮಾಡಿಕೊಳ್ಳುವ ಸೌಲಭ್ಯ ಹಲವು ಟ್ರೇಲರ್‌ಗಳಲ್ಲಿದೆ. ಜಗಲಿಯಾಗಿದ್ದಾಗ ಅದರ ಭಾರದ ಮಿತಿ ಬೇರೆ. ಅದನ್ನೂ ಕೇಳಿ. ನೆಂಟರೆಲ್ಲ ಒಟ್ಟಿಗೆ ಅಲ್ಲೇ ಕುರ್ಚಿ ಹಾಕಿ ಕೂರುತ್ತಾರೆ ಅಲ್ವಾ.

ಕಟ್ಟುವ ಕೊಂಡಿಗಳು, ಅಂದರೆ ಡಿ-ರಿಂಗ್‌ಗಳು, ಬರೀ ನೆಲದ ಹಲಗೆಗೆ ಸ್ಕ್ರೂ ಹಾಕಿದ್ದಾ, ಕೆಳಗಿನ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಮಾಡಿದ್ದಾ ಎಂದು ನೋಡಿ. ಟ್ರೇಲರ್ ಕೆಳಗೆ ಟಾರ್ಚ್ ಹಿಡಿದರೆ ಗೊತ್ತಾಗುತ್ತದೆ. ಹಲಗೆಗೆ ಮಾತ್ರ ಹಾಕಿದ್ದರೆ ಆ ಟ್ರೇಲರ್ ನನಗೆ ಬೇಡ.

ಗ್ಯಾರೇಜಿಗೂ ಮನೆಗೂ ನಡುವೆ ಗೋಡೆ ಇರಬೇಕೋ ಬೇಡವೋ ಎಂಬುದು ದೊಡ್ಡ ನಿರ್ಧಾರ. ಗೋಡೆ ಇಲ್ಲದ್ದು ಚಿಕ್ಕದು, ಹಗುರ, ಅಗ್ಗ. ಆದರೆ ಪೆಟ್ರೋಲ್ ವಾಸನೆ, ಮರಳು, ಧೂಳು ಎಲ್ಲ ಹಾಸಿಗೆವರೆಗೂ ಬರುತ್ತದೆ. ಗೋಡೆ ಇದ್ದರೆ ಮಕ್ಕಳಿಗೆ ಪ್ರತ್ಯೇಕ ಕೋಣೆ ಸಿಕ್ಕಂತೆ, ಆದರೆ ಟ್ರೇಲರ್ ಉದ್ದವಾಗುತ್ತದೆ, ಭಾರವಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ, ಟ್ರಕ್ಕು ತಾಳುವುದಾದರೆ, ಗೋಡೆ ಇರುವುದನ್ನೇ ನಾನು ಹೇಳುವುದು.

ಹಂತ 3: ತೂಕದ ಲೆಕ್ಕ ಕಾಗದದ ಮೇಲೆ ಬರೆಯಿರಿ

ಇಡೀ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಟ್ರೇಲರ್‌ಗೆ ಮೂರು ತೂಕಗಳಿವೆ. ಖಾಲಿ ತೂಕ. ಎಲ್ಲ ತುಂಬಿದ ಮೇಲೆ ದಾಟಬಾರದ ಗರಿಷ್ಠ ತೂಕ, ಅದನ್ನು ಜಿವಿಡಬ್ಲ್ಯೂಆರ್ ಎನ್ನುತ್ತಾರೆ. ಇವೆರಡರ ನಡುವೆ ನೀವು ತುಂಬಬಹುದಾದ ಹೊರೆ, ಅದು ಕಾರ್ಗೊ ಕ್ಯಾರಿಯಿಂಗ್ ಕೆಪಾಸಿಟಿ. ಈ ಹೊರೆಯ ಮಿತಿ ಟ್ರೇಲರ್‌ಗೆ ಅಂಟಿಸಿದ ಲೇಬಲ್ ಮೇಲೆ ಇರುತ್ತದೆ. ಬ್ರೋಷರ್‌ನ ಅಂಕಿಗೂ ಲೇಬಲ್‌ನ ಅಂಕಿಗೂ ವ್ಯತ್ಯಾಸ ಇರುವುದುಂಟು, ಯಾಕೆಂದರೆ ಎರಡನೇ ಎಸಿ, ಜನರೇಟರ್ ಮುಂತಾದ ಆಪ್ಷನ್‌ಗಳ ತೂಕ ಬ್ರೋಷರ್‌ನಲ್ಲಿ ಬಂದಿರುವುದಿಲ್ಲ. ನಂಬಬೇಕಾದ್ದು ನೀವು ಕೊಳ್ಳುವ ಅದೇ ಟ್ರೇಲರ್ ಮೇಲಿನ ಲೇಬಲ್ಲನ್ನು.

ಒಂದು ಲೆಕ್ಕ ಮಾಡೋಣ. ಸುಮಾರು 27 ಅಡಿಯ ಟ್ರೇಲರ್, ಖಾಲಿ ತೂಕ 7,000, ಗರಿಷ್ಠ 9,950 ಎಂದಿಟ್ಟುಕೊಳ್ಳಿ. ತುಂಬಲು 2,950 ಪೌಂಡ್ ಸಿಕ್ಕಿತು. ಎಷ್ಟೊಂದು ಇದೆ ಅನಿಸುತ್ತದೆ. ಈಗ ತುಂಬಿ. ಎರಡು ಸೀಟಿನ ಸೈಡ್ ಬೈ ಸೈಡ್, ಪೆಟ್ರೋಲ್ ಮತ್ತು ಹೆಚ್ಚುವರಿ ಸಾಮಾನುಗಳ ಜೊತೆ 1,800. ನೀರು 100 ಗ್ಯಾಲನ್, ಗ್ಯಾಲನ್‌ಗೆ 8.34 ಪೌಂಡ್ ಲೆಕ್ಕದಲ್ಲಿ 834. ಟ್ರೇಲರ್‌ನ ಪೆಟ್ರೋಲ್ ಟ್ಯಾಂಕು 30 ಗ್ಯಾಲನ್, ಗ್ಯಾಲನ್‌ಗೆ ಸುಮಾರು 6 ಪೌಂಡ್, 180. ಬ್ಯಾಟರಿಗಳು 120. ಪಾತ್ರೆ, ದಿನಸಿ, ಬಟ್ಟೆ, ಹಾಸಿಗೆ, ಕುರ್ಚಿ 500. ಟೂಲ್ಸು, ಜ್ಯಾಕು, ಹೆಲ್ಮೆಟ್ಟು, ಬಿಡಿಭಾಗ 200. ಕೂಡಿದರೆ 3,634. ಮಿತಿಗಿಂತ 684 ಪೌಂಡ್ ಜಾಸ್ತಿ.

ಅದೇ ಟ್ರೇಲರ್‌ನಲ್ಲಿ ಸೈಡ್ ಬೈ ಸೈಡ್ ಬದಲು 260 ಪೌಂಡಿನ ಎರಡು ಡರ್ಟ್ ಬೈಕ್ ಹಾಕಿದರೆ ಒಟ್ಟು 2,354. ಆರಾಮ. ಟ್ರೇಲರ್ ಕೆಟ್ಟದ್ದಲ್ಲ, ನಿಮ್ಮ ಗಾಡಿಗೆ ಹೊಂದುವುದಿಲ್ಲ, ಅಷ್ಟೇ. ನೀರನ್ನು ಹೊರಡುವಾಗಲೇ ತುಂಬದೆ ದಿಬ್ಬದ ಹತ್ತಿರದ ಊರಲ್ಲಿ ತುಂಬಿಸಿದರೆ ದಾರಿಯ ಬಹುಪಾಲು ಭಾರ ಕಡಿಮೆಯಾಗುತ್ತದೆ. ಆದರೆ ಆ ಕೊನೆಯ ಮೈಲಿಗಳಲ್ಲಿ ಮಿತಿ ದಾಟಿಯೇ ಇರುತ್ತೀರಿ. ಆಕ್ಸಲ್ಲು, ಟೈರು ಊರು ಹತ್ತಿರ ಬಂತೆಂದು ರಿಯಾಯಿತಿ ಕೊಡುವುದಿಲ್ಲ.

ಎಷ್ಟೋ ಟ್ರೇಲರ್‌ಗಳ ಗರಿಷ್ಠ ತೂಕ ಸರಿಯಾಗಿ 10,000 ಪೌಂಡಿಗೆ ಸ್ವಲ್ಪ ಕೆಳಗೆ ನಿಂತಿರುವುದನ್ನು ನೀವು ಗಮನಿಸುತ್ತೀರಿ. ಅದಕ್ಕೆ ಲೈಸೆನ್ಸಿನ ಸಂಬಂಧ ಇದೆ. ಮುಂದೆ ಹೇಳುತ್ತೇನೆ.

ಭಾರ ಎಷ್ಟು ಎಂಬಷ್ಟೇ ಮುಖ್ಯ, ಭಾರ ಎಲ್ಲಿದೆ ಎಂಬುದು. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದು ಗೊತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರ್‌ನಲ್ಲೂ ಅದೇ. ಟ್ರೇಲರ್‌ನ ಮೂತಿ ಟ್ರಕ್ಕಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ಭಾರ, ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. 10ಕ್ಕಿಂತ ಕೆಳಗಿಳಿದರೆ ಹೈವೇಯಲ್ಲಿ ಟ್ರೇಲರ್ ಹಾವಿನ ಹಾಗೆ ಓಲಾಡಲು ಶುರು ಮಾಡುತ್ತದೆ, ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದರೆ ಇನ್ನೂ ಜೋರು. ಟಾಯ್ ಹಾಲರ್‌ನ ಗ್ಯಾರೇಜು ಆಕ್ಸಲ್‌ಗಿಂತ ಹಿಂದಿರುತ್ತದೆ. ಅದಕ್ಕೇ ತಯಾರಕರು ಖಾಲಿ ಇದ್ದಾಗ ಮೂತಿಯ ಭಾರ ಜಾಸ್ತಿ ಬರುವ ಹಾಗೆ ಮಾಡಿರುತ್ತಾರೆ. ಗಾಡಿ ಹಾಕಿದಾಗ ಅದು ಕಡಿಮೆಯಾಗಿ ಸರಿಹೋಗಲಿ ಎಂದು. ಇದರ ಅರ್ಥ ಎರಡು. ಖಾಲಿ ಟ್ರೇಲರ್ ಎಳೆಯುವಾಗ ಟ್ರಕ್ಕಿನ ಮೇಲೆ ಹೊರೆ ಜಾಸ್ತಿ. ಗ್ಯಾರೇಜಿನಲ್ಲಿ ತೀರಾ ಹಿಂದಕ್ಕೆ ಭಾರ ಹಾಕಿದರೆ ಓಲಾಟದ ಅಪಾಯ. ನೀರಿನ ಟ್ಯಾಂಕು ಆಕ್ಸಲ್‌ನ ಮುಂದಿದೆಯೋ ಹಿಂದಿದೆಯೋ ಎಂದು ಡೀಲರ್‌ನನ್ನು ಕೇಳಲೇಬೇಕು. 800 ಪೌಂಡ್ ನೀರು ಈ ಸಮತೋಲವನ್ನು ಯಾವ ಕಡೆಗಾದರೂ ಎಳೆಯಬಲ್ಲದು.

ಹಂತ 4: ಟ್ರಕ್ಕಿನ ಬಾಗಿಲು ತೆರೆದು ಸ್ಟಿಕ್ಕರ್ ಓದಿ

"ನನ್ನ ಟ್ರಕ್ 11,000 ಪೌಂಡ್ ಎಳೆಯುತ್ತೆ" ಎನ್ನುವವರು ಬಹಳ. ಎಳೆಯುವ ಶಕ್ತಿ ಮುಗಿಯುವ ಮೊದಲೇ ಹೊರುವ ಶಕ್ತಿ ಮುಗಿಯುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ದಾಟಬಾರದು ಎಂದು ಅದರಲ್ಲಿದೆ. ಇದೇ ಪೇಲೋಡ್. ಒಂದೇ ಹೆಸರಿನ ಎರಡು ಟ್ರಕ್ಕುಗಳಲ್ಲೂ ಈ ಅಂಕಿ ಬೇರೆ ಬೇರೆ. ಸನ್‌ರೂಫ್, ಲೆದರ್ ಸೀಟ್ ಇದ್ದದ್ದು ಕಡಿಮೆ ಹೊರುತ್ತದೆ.

ಫೋರ್ಡ್ ಎಫ್-150 ಥರದ, ಹಾಫ್ ಟನ್ ಎಂದು ಕರೆಯುವ ಹಗುರ ದರ್ಜೆಯ ಟ್ರಕ್ಕಿನಲ್ಲಿ ಈ ಅಂಕಿ 1,700 ಎಂದುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು 600. ಹಿಚ್ 100. ಹಿಂದಿನ ತೊಟ್ಟಿಯಲ್ಲಿ ಕೂಲರ್, ಸೌದೆ 150. ಉಳಿದದ್ದು 850. ಮೇಲಿನ ಟ್ರೇಲರ್ 9,500 ಪೌಂಡಿಗೆ ತುಂಬಿದರೆ, 13 ಶೇಕಡಾ ಲೆಕ್ಕದಲ್ಲಿ ಮೂತಿಯ ಭಾರ 1,235. ಅಂದರೆ 385 ಪೌಂಡ್ ಕೊರತೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಭಾರ ಮುಂದಿನ ಚಕ್ರಕ್ಕೂ ಟ್ರೇಲರ್ ಆಕ್ಸಲ್‌ಗೂ ಹಂಚಿಹೋಗುತ್ತದೆ, ಓಲಾಟ ತಗ್ಗುತ್ತದೆ. ಅದನ್ನು ಹಾಕಲೇಬೇಕು. ಆದರೆ ಸ್ಟಿಕ್ಕರ್ ಮೇಲಿನ ಅಂಕಿಯನ್ನು ಅದು ಹೆಚ್ಚಿಸುವುದಿಲ್ಲ.

ಹಾಗಾಗಿ ಸೈಡ್ ಬೈ ಸೈಡ್ ಒಯ್ಯುವ ಬಹುತೇಕ ಮನೆಗಳಿಗೆ ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500 ದರ್ಜೆಯ ಟ್ರಕ್ಕು ಬೇಕಾಗುತ್ತದೆ. ಇಲ್ಲೂ ಒಂದು ಸೂಕ್ಷ್ಮ ಇದೆ. ಡೀಸೆಲ್ ಎಂಜಿನ್ ಭಾರ. ಈ ದರ್ಜೆಯ ಹಲವು ಟ್ರಕ್ಕುಗಳ ಗರಿಷ್ಠ ತೂಕವನ್ನು 10,000 ಪೌಂಡಿಗೆ ನಿಲ್ಲಿಸಿರುವುದರಿಂದ, ಡೀಸೆಲ್ ಇರುವುದರ ಪೇಲೋಡ್ ಪೆಟ್ರೋಲ್ ಎಂಜಿನ್ನಿನದಕ್ಕಿಂತ ಕಡಿಮೆ. ಬೆಟ್ಟ ಹತ್ತಲು, ಇಳಿಯಲು ಡೀಸೆಲ್ ಚೆನ್ನ. ಹೊರಲು ಪೆಟ್ರೋಲಿನದೇ ಮುಂದು. ದೊಡ್ಡ ಫಿಫ್ತ್ ವೀಲ್ (ಟ್ರಕ್ಕಿನ ತೊಟ್ಟಿಯೊಳಗಿನ ಹಿಚ್ಚಿಗೆ ಸಿಕ್ಕಿಸುವ ಟ್ರೇಲರ್) ಮೇಲೆ ಆಸೆಯಿದ್ದರೆ ಇನ್ನೂ ಮೇಲಿನ ದರ್ಜೆಗೆ ಹೋಗಬೇಕು. ಅದರ ಭಾರದ ಸುಮಾರು 20 ಶೇಕಡಾ ಟ್ರಕ್ಕಿನ ತೊಟ್ಟಿಯ ಮೇಲೆ ಕೂರುತ್ತದೆ. 14,000 ಪೌಂಡಿನ ಫಿಫ್ತ್ ವೀಲ್ ಅಂದರೆ 2,800 ಪೌಂಡ್ ಟ್ರಕ್ಕಿನ ಬೆನ್ನ ಮೇಲೆ, ಹಿಚ್ಚಿನ ತೂಕ ಬೇರೆ.

ಟ್ರೇಲರ್ ಮೊದಲು ಕೊಂಡು ಆಮೇಲೆ ಟ್ರಕ್ಕು ಬದಲಿಸಬೇಕಾಗಿ ಬಂದರೆ ಲಕ್ಷಾಂತರ ರೂಪಾಯಿಗೆ ಸಮನಾದ ಡಾಲರ್ ಸುಮ್ನೆ ಹೋಗುತ್ತದೆ. ದಯವಿಟ್ಟು ಈ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಮಾಡಿ.

ಹಂತ 5: ಯಾವ ಬಗೆ

ಲೆಕ್ಕ ಆದ ಮೇಲೆ ಬಗೆ ತಾನಾಗಿ ಗೊತ್ತಾಗುತ್ತದೆ. ಹಿಚ್ ಚೆಂಡಿಗೆ ಸಿಕ್ಕಿಸುವ ಟ್ರಾವೆಲ್ ಟ್ರೇಲರ್ ಅಗ್ಗ, ಹಗುರ, ಟ್ರಕ್ಕಿನ ತೊಟ್ಟಿ ಖಾಲಿ ಉಳಿಯುತ್ತದೆ. ಫಿಫ್ತ್ ವೀಲ್ ಎಳೆಯಲು ಸ್ಥಿರ, ಓಲಾಟ ಕಡಿಮೆ, ಒಳಗೆ ಎತ್ತರ. ಮಲಗುವ ಕೋಣೆಗೆ ಮೆಟ್ಟಿಲು ಹತ್ತಬೇಕು. ಬೆಂಗಳೂರಿನಿಂದ ಬರುವ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಆ ಮೆಟ್ಟಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಥಾರ್ ಔಟ್‌ಲಾ ಥರದ ಮೋಟರ್‌ಹೋಮ್‌ಗೆ ತನ್ನದೇ ಎಂಜಿನ್ ಇದೆ, ಟ್ರಕ್ಕೇ ಬೇಡ, ಆದರೆ ಬೆಲೆ ಬಹಳ ಮೇಲೆ. ಎಂಜಿನ್ ಕೆಟ್ಟರೆ ಮನೆಯೂ ಗ್ಯಾರೇಜೂ ಒಟ್ಟಿಗೆ ವರ್ಕ್‌ಶಾಪ್ ಸೇರುತ್ತದೆ. ಹೆಚ್ಚಿನವರಿಗೆ ನಾನು ಅದನ್ನು ಹೇಳುವುದಿಲ್ಲ.

ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಆರ್‌ವಿಗಳಲ್ಲಿ (ಮನೆಯಂತೆ ಸಜ್ಜಾದ ಟ್ರೇಲರು, ಮೋಟರ್‌ಹೋಮುಗಳಲ್ಲಿ) ಬಹುಪಾಲು ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತಲೇ ತಯಾರಾಗುವುದು. ಕೀಸ್ಟೋನ್, ಜೇಕೊ ಎರಡೂ ಥಾರ್ ಇಂಡಸ್ಟ್ರೀಸ್‌ಗೆ ಸೇರಿವೆ. ಫಾರೆಸ್ಟ್ ರಿವರ್ ಬರ್ಕ್‌ಶೈರ್ ಹ್ಯಾಥವೇ ಕೈಯಲ್ಲಿದೆ. ಗ್ರ್ಯಾಂಡ್ ಡಿಸೈನ್ 2016ರಿಂದ ವಿನ್ನೆಬೇಗೊ ಒಡೆತನದಲ್ಲಿದೆ. ಆಕ್ಸಲ್, ಫ್ರಿಜ್, ಎಸಿ ಮುಂತಾದವನ್ನು ಎಲ್ಲರೂ ಹೆಚ್ಚುಕಡಿಮೆ ಅವೇ ಕೆಲವು ಕಂಪನಿಗಳಿಂದ ತರಿಸುತ್ತಾರೆ. ರ‍್ಯಾಪ್ಟರ್, ಮೊಮೆಂಟಮ್, ಸೈಸ್ಮಿಕ್, ಎಕ್ಸ್ಎಲ್ಆರ್ ಯಾವುದೇ ಇರಲಿ, ನಿಮ್ಮ ಮನೆಯಿಂದ ಒಂದು ಗಂಟೆ ದೂರದಲ್ಲಿ ಒಳ್ಳೆಯ ಸರ್ವೀಸ್ ಕೊಡುವ ಡೀಲರ್ ಇದ್ದಾನಾ ಎಂಬುದು ಹೆಸರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಹಂತ 6: ನೀರು, ಕರೆಂಟು, ಅಡುಗೆ

ಮರಳುಗಾಡಿನಲ್ಲಿ ನಿಲ್ಲುವವರಿಗೆ ಟ್ಯಾಂಕುಗಳೇ ಜೀವ. ಬರೀ ಶುದ್ಧ ನೀರಿನ ಟ್ಯಾಂಕು ನೋಡಿದರೆ ಸಾಲದು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುವ ಗ್ರೇ ಟ್ಯಾಂಕೇ ಮೊದಲು ತುಂಬುವುದು. ನಮ್ಮ ಅಡುಗೆಯಲ್ಲಿ ಪಾತ್ರೆ ಜಾಸ್ತಿ, ಜಿಡ್ಡೂ ಜಾಸ್ತಿ. ಆ ನೀರನ್ನು ನೆಲಕ್ಕೆ ಬಿಡುವಂತಿಲ್ಲ. 100 ಗ್ಯಾಲನ್ ಶುದ್ಧ ನೀರು ಇಟ್ಟು 40 ಗ್ಯಾಲನ್ ಗ್ರೇ ಟ್ಯಾಂಕು ಕೊಟ್ಟಿರುವ ಟ್ರೇಲರ್ ಮೂರು ದಿನದ ಕ್ಯಾಂಪಿಗೆ ಸರಿಯಲ್ಲ. ಸಾರು, ಹುಳಿ ಮನೆಯಲ್ಲೇ ಮಾಡಿ ಗಟ್ಟಿ ಮಾಡಿಕೊಂಡು ಹೋಗಿ. ಅಲ್ಲಿ ಅನ್ನ, ಚಪಾತಿ ಮಾಡಿದರೆ ಸಾಕು. ನೀರಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಕರೆಂಟಿನ ಲೆಕ್ಕ ಎಸಿಯಿಂದ ಶುರು. ಚಾವಣಿಯ ಒಂದು ಎಸಿಗೆ 4,000 ವಾಟ್ ಜನರೇಟರ್ ಸಾಕು. ಎರಡು ಎಸಿ ಒಟ್ಟಿಗೆ ಓಡಬೇಕಾದರೆ 5,500 ವಾಟ್ ನೋಡಿ. ಅರ್ಧ ಲೋಡಿನಲ್ಲಿ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಪೆಟ್ರೋಲ್ ಕುಡಿಯುತ್ತದೆ. ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ ಜನರೇಟರ್ ಹಾಕುವಂತಿಲ್ಲ, ಆದ್ದರಿಂದ ಬ್ಯಾಟರಿಯೂ ಬೇಕು. ಲೆಡ್ ಬ್ಯಾಟರಿಯಾದರೆ ಅರ್ಧದಷ್ಟನ್ನೇ ಬಳಸುವುದು ಒಳ್ಳೆಯದು. ಲೀಥಿಯಂ ದುಬಾರಿ, ಆದರೆ ಹಗುರ, ಪೂರ್ತಿ ಬಳಸಬಹುದು. 110 ವೋಲ್ಟ್ ಮಿಕ್ಸಿ ಒಯ್ಯುವವರು ಅದರ ವಾಟ್ ನೋಡಿಕೊಂಡು ಇನ್ವರ್ಟರ್ ಆರಿಸಿ. ಇಲ್ಲದಿದ್ದರೆ ಚಟ್ನಿ ರುಬ್ಬುವ ಐದು ನಿಮಿಷಕ್ಕೂ ಜನರೇಟರ್ ಶುರು ಮಾಡಬೇಕಾಗುತ್ತದೆ.

ಹಂತ 7: ಪೆಟ್ರೋಲ್ ಮತ್ತು ಹೊಗೆ

ಪೆಟ್ರೋಲ್ ಇರುವ ಗಾಡಿಯನ್ನು ಮನೆಯೊಳಗೆ ತರುತ್ತಿದ್ದೀರಿ, ಅದೇ ಜಾಗದಲ್ಲಿ ಮಕ್ಕಳು ಮಲಗುತ್ತಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಅಡುಗೆಯ ಪ್ರೋಪೇನ್ ಗ್ಯಾಸ್ ಕೂಡ ಹಾಗೇ. ಹೀಗಾಗಿ ಗ್ಯಾರೇಜಿನ ಗೋಡೆಯಲ್ಲಿ ನೆಲದ ಹತ್ತಿರ ಗಾಳಿಕಿಂಡಿ ಇರಬೇಕು. ಅದನ್ನು ಚಳಿ ಅಂತ ಮುಚ್ಚಬಾರದು. ಪ್ರೋಪೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಇವೆಯಾ, ಅವುಗಳ ಹಿಂಬದಿಯಲ್ಲಿ ಬರೆದ ಅವಧಿ ಮುಗಿದಿದೆಯಾ ನೋಡಿ. ಗೋಡೆ ಇರುವ ಟ್ರೇಲರ್ ಆದರೆ ಗ್ಯಾರೇಜಿನ ಕಡೆಯೂ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು. ಗಾಡಿ ಹತ್ತಿಸಿದ ಕೂಡಲೇ ಎಂಜಿನ್ ಆರಿಸಿ. ಗಾಡಿಗೆ ಪೆಟ್ರೋಲ್ ತುಂಬುವುದು ಹೊರಗೆ ಇಳಿಸಿದ ಮೇಲೆ. ಆಗ ವಾಟರ್ ಹೀಟರ್, ಸ್ಟವ್ ಎಲ್ಲ ಆರಿರಬೇಕು. ಕ್ಯಾನ್‌ಗೆ ತುಂಬಿಸುವುದಾದರೆ ನೆಲದ ಮೇಲಿಟ್ಟೇ ತುಂಬಿಸಿ. ರಾತ್ರಿ ಮಲಗುವ ಹೊತ್ತಿಗೆ ಗಾಡಿ, ಕ್ಯಾನ್ ಎರಡೂ ಹೊರಗೆ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಹೇಳುವುದಿಲ್ಲ.

ಹಂತ 8: ಕಾನೂನು

ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೇಲರ್‌ನ ಗರಿಷ್ಠ ತೂಕ 10,000 ಪೌಂಡ್ ದಾಟಿದರೆ ಮಾಮೂಲಿ ಲೈಸೆನ್ಸ್ ಸಾಲದು, ನಾನ್ ಕಮರ್ಷಿಯಲ್ ಕ್ಲಾಸ್ ಎ ಬೇಕು. ಫಿಫ್ತ್ ವೀಲ್‌ಗೆ 10,000 ದಾಟಿ 15,000ದವರೆಗೆ ಮಾಮೂಲಿ ಲೈಸೆನ್ಸ್ ಮೇಲೆ ಒಂದು ಹೆಚ್ಚುವರಿ ಅನುಮತಿ ಪಡೆದರೆ ಆಯಿತು. ಅದರ ಮೇಲೆ ಹೋದರೆ ಇಲ್ಲೂ ಕ್ಲಾಸ್ ಎ. ನೋಡುವುದು ಲೇಬಲ್ ಮೇಲಿನ ಗರಿಷ್ಠ ತೂಕವನ್ನು, ಅಂದು ನೀವು ತುಂಬಿದ ತೂಕವನ್ನಲ್ಲ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ, ನಿಮ್ಮ ರಾಜ್ಯದ ಕೈಪಿಡಿ ನೋಡಿ. ಟ್ರೇಲರ್ ಎಳೆಯುವಾಗ ಕ್ಯಾಲಿಫೋರ್ನಿಯಾದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ. ಟ್ರಾವೆಲ್ ಟ್ರೇಲರ್ ಒಳಗೆ ಜನ ಕೂತು ಪ್ರಯಾಣಿಸುವಂತಿಲ್ಲ.

ಗ್ಲಾಮಿಸ್‌ಗೆ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಬೇಕು. ಗಾಡಿಗೆ ನೆಲದಿಂದ 8 ಅಡಿ ಎತ್ತರದಲ್ಲಿ ಬಾವುಟ ಕಡ್ಡಾಯ, ದಿಬ್ಬದ ಆಚೆಯವರಿಗೆ ನೀವು ಕಾಣಬೇಕಲ್ಲ. ಥ್ಯಾಂಕ್ಸ್‌ಗಿವಿಂಗ್ ವಾರ ಅಲ್ಲಿ ಜಾತ್ರೆ. ಚಿಕ್ಕ ಮಕ್ಕಳ ಜೊತೆ ಮೊದಲ ಸಲ ಹೋಗುವವರು ಆ ವಾರ ಬಿಟ್ಟು ಬೇರೆ ವಾರ ಹೋಗಿ.

ನಿಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತದಾ ಎಂದು ಮೊದಲೇ ಓದಿ. ಬಹಳಷ್ಟು ಕಡೆ ಬಿಡುವುದಿಲ್ಲ. ಆಗ ತಿಂಗಳ ಸ್ಟೋರೇಜ್ ಬಾಡಿಗೆಯೂ ಖರ್ಚಿಗೆ ಸೇರುತ್ತದೆ.

ಹಂತ 9: ಬಾಡಿಗೆಗೆ ತಂದು ನೋಡಿ, ಆಮೇಲೆ ಪರೀಕ್ಷಿಸಿ ಕೊಳ್ಳಿ

ಔಟ್‌ಡೋರ್ಸಿ, ಆರ್‌ವಿಶೇರ್ ಎಂಬ ಜಾಲತಾಣಗಳ ಮೂಲಕ ಮಾಲೀಕರಿಂದಲೇ ಟಾಯ್ ಹಾಲರ್ ಬಾಡಿಗೆಗೆ ಸಿಗುತ್ತದೆ. ನೀವು ಯೋಚಿಸುತ್ತಿರುವ ಉದ್ದದ್ದನ್ನೇ ಒಂದು ವಾರಾಂತ್ಯ ತನ್ನಿ. ನಿಮ್ಮ ಗಾಡಿ ಒಳಗೆ ಹಾಕಲು ಮಾಲೀಕರು ಒಪ್ಪುತ್ತಾರಾ ಎಂದು ಮೊದಲೇ ಕೇಳಿ. ರಿವರ್ಸ್ ಹಾಕುವುದು, ಪೆಟ್ರೋಲ್ ಬಂಕಿನಲ್ಲಿ ತಿರುಗಿಸುವುದು, ಮಳೆ ಬಂದಾಗ ಎಲ್ಲರೂ ಒಳಗೆ ಕೂರುವುದು, ಇದೆಲ್ಲ ಆಗ ಗೊತ್ತಾಗುತ್ತದೆ.

ಹೊಸದಕ್ಕೆ ಸುಮಾರು 30,000 ಡಾಲರ್‌ನಿಂದ ಶುರುವಾಗಿ ದೊಡ್ಡ ಫಿಫ್ತ್ ವೀಲ್‌ಗೆ ಒಂದು ಲಕ್ಷ ದಾಟುತ್ತದೆ. ಮೊದಲ ಕೆಲವು ವರ್ಷದಲ್ಲೇ ಬೆಲೆ ಜೋರಾಗಿ ಇಳಿಯುತ್ತದೆ. ಹಾಗಾಗಿ ಚೆನ್ನಾಗಿ ನೋಡಿಕೊಂಡ ಮೂರ್ನಾಲ್ಕು ವರ್ಷದ ಟ್ರೇಲರ್ ನನ್ನ ಮೊದಲ ಆಯ್ಕೆ.

ಹಳೆಯದನ್ನು ನೋಡುವಾಗ ಮೊದಲ ಶತ್ರು ನೀರು. ಚಾವಣಿ ಹತ್ತಿ ಅಂಚಿನ ಸೀಲಂಟ್ ಬಿರುಕು ಬಿಟ್ಟಿದೆಯಾ ನೋಡಿ. ಒಳಗೆ ಮೂಲೆಗಳನ್ನು, ಕಿಟಕಿ ಕೆಳಗಿನ ಗೋಡೆಯನ್ನು ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ಒಳಗೆ ಕೊಳೆತಿದೆ. ಬಿಸಿಲಿನಲ್ಲಿ ಟ್ರೇಲರ್‌ನ ಪಕ್ಕಕ್ಕೆ ಕಣ್ಣು ಹಚ್ಚಿ ಉದ್ದಕ್ಕೂ ನೋಡಿ, ಹೊರಗೋಡೆ ಗುಳ್ಳೆ ಎದ್ದ ಹಾಗೆ ಉಬ್ಬಿದ್ದರೆ ಬಿಟ್ಟುಬಿಡಿ. ಟಾಯ್ ಹಾಲರ್‌ಗಳಲ್ಲಿ ವಿಶೇಷವಾಗಿ ನೋಡಬೇಕಾದ್ದು ರ‍್ಯಾಂಪ್ ಬಾಗಿಲಿನ ಬುಡ. ಮಳೆ ನೀರು ಇಳಿದು ನಿಲ್ಲುವುದು ಅಲ್ಲೇ. ಹಿಂಜ್, ಸ್ಪ್ರಿಂಗ್, ಕೇಬಲ್ ಮೂರನ್ನೂ ಎಳೆದು ನೋಡಿ. ಕೆಳಗೆ ಮಲಗಿ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಉಕ್ಕಿನ ಚೌಕಟ್ಟಿನಲ್ಲಿ ಬಿರುಕು, ಮರು ವೆಲ್ಡಿಂಗ್ ಕಾಣುತ್ತದಾ ಹುಡುಕಿ. ಮಿತಿ ಮೀರಿ ತುಂಬಿದ ಟ್ರೇಲರ್ ಅಲ್ಲಿ ಗುಟ್ಟು ಬಿಟ್ಟುಕೊಡುತ್ತದೆ.

ಟೈರಿನ ಮೇಲೆ ಡಿಒಟಿ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೇಲರ್ ಟೈರುಗಳು ಸವೆಯುವ ಮೊದಲೇ ವಯಸ್ಸಾಗಿ ಒಡೆಯುತ್ತವೆ. ಐದಾರು ವರ್ಷ ದಾಟಿದ್ದರೆ ಎಲ್ಲ ಹೊಸದು ಹಾಕುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಇಷ್ಟೆಲ್ಲ ನೋಡಿದ ಮೇಲೂ ಒಬ್ಬ ಸ್ವತಂತ್ರ ಆರ್‌ವಿ ಇನ್ಸ್‌ಪೆಕ್ಟರ್‌ಗೆ ದುಡ್ಡು ಕೊಟ್ಟು ನೋಡಿಸಿ. ಹೊಸದಕ್ಕೂ ಇದು ಬೇಕು. ಹೊಸ ಟ್ರೇಲರ್‌ಗಳಲ್ಲಿ ಸೋರುವ ಪೈಪು, ಕೂರದ ಬಾಗಿಲು ಮಾಮೂಲು.

ಹಂತ 10: ಮನೆಗೆ ತಂದ ಮೇಲೆ

ಮೊದಲ ಪ್ರಯಾಣಕ್ಕೆ ತುಂಬುವ ಹಾಗೆಯೇ ಎಲ್ಲವನ್ನೂ ತುಂಬಿ, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಹೈವೇ ಟ್ರಕ್ ಸ್ಟಾಪಿನಲ್ಲಿರುವ, ಇಡೀ ಟ್ರಕ್ಕು ಟ್ರೇಲರನ್ನೇ ತೂಗುವ ಕ್ಯಾಟ್ ಸ್ಕೇಲ್‌ಗೆ ಹೋಗಿ. ಹೆಚ್ಚು ಖರ್ಚಿಲ್ಲದೆ ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಮೂರರ ತೂಕವೂ ಬೇರೆ ಬೇರೆಯಾಗಿ ಸಿಗುತ್ತದೆ. ಟ್ರೇಲರ್ ಕಳಚಿ, ಟ್ರಕ್ಕನ್ನು ಮಾತ್ರ ಇನ್ನೊಮ್ಮೆ ತೂಗಿ. ಎರಡು ಚೀಟಿಯಲ್ಲಿನ ಟ್ರಕ್ಕಿನ ತೂಕದ ವ್ಯತ್ಯಾಸವೇ ಮೂತಿಯ ಭಾರ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದ್ದರೆ ಮೊದಲನೇ ತೂಕದ ಹೊತ್ತಿಗೆ ಅದರ ಸರಳುಗಳನ್ನು ಬಿಚ್ಚಿಡಿ, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ. 10 ಶೇಕಡಾಕ್ಕಿಂತ ಕಡಿಮೆ ಬಂದರೆ ಗಾಡಿಯನ್ನು ಗ್ಯಾರೇಜಿನಲ್ಲಿ ಒಂದಡಿ ಮುಂದಕ್ಕೆ ನಿಲ್ಲಿಸಿ ಮತ್ತೆ ತೂಗಿ. ಸರಿಯಾದ ಜಾಗ ಸಿಕ್ಕಾಗ ನೆಲದ ಮೇಲೆ ಮುಂದಿನ ಚಕ್ರದ ಹತ್ತಿರ ಬಣ್ಣದ ಟೇಪ್ ಅಂಟಿಸಿಬಿಡಿ.

ಗಾಡಿ ಕಟ್ಟಲು ನಾಲ್ಕು ಮೂಲೆಗೂ ರ‍್ಯಾಚೆಟ್ ಪಟ್ಟಿ ಬೇಕು, ಮುಂದಿನೆರಡು ಮುಂದಕ್ಕೆ ಎಳೆಯುವ ಹಾಗೆ, ಹಿಂದಿನೆರಡು ಹಿಂದಕ್ಕೆ. ಹೊರಟ ಅರ್ಧ ಗಂಟೆಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಸಸ್ಪೆನ್ಷನ್ ಕುಸಿದು ಅವು ಸಡಿಲವಾಗಿರುತ್ತವೆ. ಹೊಸ ಟ್ರೇಲರ್ ಆದರೆ ಚಕ್ರದ ನಟ್ಟುಗಳನ್ನು 10, 25, 50 ಮೈಲಿಗೆ ಒಮ್ಮೊಮ್ಮೆ ಟಾರ್ಕ್ ವ್ರೆಂಚಿನಿಂದ ನೋಡಿ. ಎಷ್ಟು ಬಿಗಿ ಇರಬೇಕೆಂಬ ಅಂಕಿ ಟ್ರೇಲರ್‌ನ ಕೈಪಿಡಿಯಲ್ಲಿದೆ. ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರು ತಣ್ಣಗಿದ್ದಾಗಲೇ ಲೇಬಲ್‌ನಲ್ಲಿ ಹೇಳಿದಷ್ಟಕ್ಕೆ ತುಂಬಿಸಿ.